ಜಾಲಹಳ್ಳಿಯ ಹರಳುಗಳು

1962ರಲ್ಲಿ ಬೆಂಗಳೂರಿನ ಉತ್ತರದ ಅಂಚಿನಲ್ಲಿದ್ದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಜರ್ಮೇನಿಯಂ ಅರೆವಾಹಕ ಸಾಧನಗಳ ತಯಾರಿಕೆಗೆ ಕೈಹಾಕಿತು. ಅದರ ಹಿಂದಿನ ವರ್ಷವಷ್ಟೇ ಅಲ್ಲಿ ರೇಡಿಯೊ ವಾಲ್ವ್‌ಗಳು ತಯಾರಾಗತೊಡಗಿದ್ದವು. ವಾಲ್ವ್ ಎಂದರೆ ಗಾಜಿನ ಬುರುಡೆ, ಒಳಗೆ ನಿರ್ವಾತ, ನಡುವೆ ಕೆಂಪಗೆ ಕಾಯುವ ತಂತಿ. ಸ್ವಿಚ್ ಹಾಕಿ ಅದು ಬಿಸಿಯಾಗುವವರೆಗೆ ಕಾಯಬೇಕು. ಟ್ರಾನ್ಸಿಸ್ಟರ್ ಹಾಗಲ್ಲ. ಬೆರಳ ತುದಿಯ ಮೇಲೆ ಕೂರುವ ಲೋಹದ ಡಬ್ಬಿ, ಹೊರಗೆ ಮೂರು ಕಾಲು, ಒಳಗೆ ಬೂದುಬಣ್ಣದ ಒಂದು ಹರಳಿನ ಚೂರು. ಕಾಯುವ ತಂತಿಯೂ ಇಲ್ಲ, ನಿರ್ವಾತವೂ ಬೇಡ. ವಾಲ್ವ್ ಮಾಡುತ್ತಿದ್ದ ಕೆಲಸವನ್ನೆಲ್ಲ ಆ ಚೂರೇ ಮಾಡುತ್ತಿತ್ತು.

ಬೆಂಗಳೂರಿನ ಚಿಪ್ ಕಥೆ ಹೇಳುವವರು ಸಾಮಾನ್ಯವಾಗಿ 1985ರಿಂದ ಆರಂಭಿಸುತ್ತಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ನಗರಕ್ಕೆ ಬಂದದ್ದು, ಅದರ ಡಿಶ್ ಆಂಟೆನಾವನ್ನು ಎತ್ತಿನಗಾಡಿಯಲ್ಲಿ ಸಾಗಿಸಿದ್ದು, ಆಮೇಲೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್. ಹೇಳಲು ಚೆನ್ನಾಗಿರುವ ಕಥೆ, ನಿಜ. ಆದರೆ ಹೀಗೆ ಹೇಳಿದಾಗ ಅದಕ್ಕೂ ಹಿಂದಿನ ಅರ್ಧ ಶತಮಾನ ಬಿಟ್ಟುಹೋಗುತ್ತದೆ. ಸ್ಫಟಿಕವೆಂದರೇನು, ಅದರೊಳಗೆ ಪರಮಾಣುಗಳು ಹೇಗೆ ಕೂತಿವೆ, ಹೇಗೆ ನಡುಗುತ್ತವೆ ಎಂಬ ಪ್ರಶ್ನೆಗಳಿಗೆ ಈ ಊರು 1930ರ ದಶಕದಲ್ಲೇ ತಲೆಕೊಟ್ಟಿತ್ತು. ಆ ಸ್ಫಟಿಕವನ್ನು ಕುಲುಮೆಯಲ್ಲಿಟ್ಟು ಟ್ರಾನ್ಸಿಸ್ಟರ್ ಮಾಡುವ ಕೈಗಳೂ 1960ರ ದಶಕದ ಹೊತ್ತಿಗೆ ಇಲ್ಲೇ ಪಳಗಿದ್ದವು.

ಈ ಇಡೀ ಕಾಲದುದ್ದಕ್ಕೂ ಬೆಂಗಳೂರಿನಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಿನ್ಯಾಸವಿದೆ. ವಜ್ರದಲ್ಲಿ ಪ್ರತಿ ಇಂಗಾಲದ ಪರಮಾಣುವಿಗೆ ನಾಲ್ಕು ನೆರೆಯವರು. ನಾಲ್ವರೂ ಸಮದೂರದಲ್ಲಿ, ಚತುರ್ಮುಖಿಯ ನಾಲ್ಕು ಮೂಲೆಗಳಲ್ಲಿ. ಇದೇ ಜೋಡಣೆ ಒಂದು ಜಾಲಕವಾಗಿ ಎಲ್ಲ ದಿಕ್ಕಿಗೂ ಚಾಚಿಕೊಂಡು ಹೋಗುತ್ತದೆ. ಇಂಗ್ಲೆಂಡಿನ ಬ್ರಾಗ್ ತಂದೆ–ಮಗ 1913ರಲ್ಲಿ ಎಕ್ಸ್‌–ಕಿರಣಗಳ ನೆರವಿನಿಂದ ಇದನ್ನು ಕಂಡುಹಿಡಿದರು. ಸಿಲಿಕಾನ್ ಮತ್ತು ಜರ್ಮೇನಿಯಂಗಳ ಜಾಲಕವೂ ಇದೇ. ವ್ಯತ್ಯಾಸ ಅಳತೆಯಲ್ಲಿ ಮಾತ್ರ. ಜಾಲಕದ ಘನಾಕೃತಿಯ ಮನೆಯೊಂದರ ಬದಿ ವಜ್ರದಲ್ಲಿ 3.57 ಆಂಗ್‌ಸ್ಟ್ರಾಂ, ಸಿಲಿಕಾನಿನಲ್ಲಿ 5.43, ಜರ್ಮೇನಿಯಂನಲ್ಲಿ 5.66. ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಇಷ್ಟು ಸಣ್ಣ ವ್ಯತ್ಯಾಸ ಒಂದನ್ನು ಒಡವೆಯ ಕಲ್ಲಾಗಿಸಿದೆ, ಇನ್ನೆರಡನ್ನು ರೇಡಿಯೊ ಮತ್ತು ಕಂಪ್ಯೂಟರಿನ ಜೀವಾಳವಾಗಿಸಿದೆ.

ಇದು ಹೇಗೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1928ರಿಂದ 1931ರ ನಡುವೆ. ಲೈಪ್‌ಜಿಗ್‌ನಲ್ಲಿ ಹೈಸನ್‌ಬರ್ಗ್ ಬಳಿ ಸಂಶೋಧನೆ ಮಾಡುತ್ತಿದ್ದ 22 ವರ್ಷದ ಫೆಲಿಕ್ಸ್ ಬ್ಲಾಕ್, ಕ್ರಮಬದ್ಧವಾದ ಜಾಲಕದಲ್ಲಿ ಎಲೆಕ್ಟ್ರಾನ್ ಅಲೆಯಾಗಿ ಸಲೀಸಾಗಿ ಸಾಗಬಲ್ಲದು ಎಂದು ಗಣಿತದಿಂದ ತೋರಿಸಿದ. ಒಂಟಿ ಪರಮಾಣುವಿನಲ್ಲಿ ಎಲೆಕ್ಟ್ರಾನಿಗೆ ಕೆಲವು ನಿಗದಿತ ಶಕ್ತಿಮಟ್ಟಗಳಷ್ಟೇ ಇರುತ್ತವೆ. ಕೋಟ್ಯಂತರ ಪರಮಾಣುಗಳು ಜಾಲಕದಲ್ಲಿ ಒತ್ತಾಗಿ ಸೇರಿದಾಗ ಒಂದೊಂದು ಮಟ್ಟವೂ ಕೋಟ್ಯಂತರ ಮಟ್ಟಗಳಾಗಿ ಒಡೆದು ಪಟ್ಟಿಯಾಗಿ ಹರಡಿಕೊಳ್ಳುತ್ತದೆ. ಪಟ್ಟಿ ಮತ್ತು ಪಟ್ಟಿಯ ನಡುವೆ ಯಾವ ಎಲೆಕ್ಟ್ರಾನೂ ನಿಲ್ಲಲಾಗದ ಅಂತರ ಉಳಿಯುತ್ತದೆ. ಇಷ್ಟು ತಿಳಿದರೆ ಲೋಹ, ಅವಾಹಕ, ಅರೆವಾಹಕ ಎಂಬ ಭೇದ ತಾನಾಗಿ ಬಿಡಿಸಿಕೊಳ್ಳುತ್ತದೆ ಎಂದು ಇಂಗ್ಲೆಂಡಿನ ಅಲನ್ ವಿಲ್ಸನ್ 1931ರಲ್ಲಿ ತೋರಿಸಿಕೊಟ್ಟ.

ಹಳೆಯ ಟಾಕೀಸನ್ನು ನೆನೆದರೆ ಇದು ಸುಲಭ. ಕೆಳಗಿನ ಗಾಂಧಿ ಕ್ಲಾಸಿನಲ್ಲಿ ಒಂದು ಸೀಟೂ ಖಾಲಿ ಇಲ್ಲ, ಹಾಗಾಗಿ ಯಾರೂ ಅತ್ತಿತ್ತ ಜರುಗುವಂತಿಲ್ಲ. ಮೇಲಿನ ಬಾಲ್ಕನಿ ಪೂರ್ತಿ ಖಾಲಿ, ಆದರೆ ಅಲ್ಲಿಗೆ ಹೋಗಲು ಹೆಚ್ಚಿನ ದುಡ್ಡು ಬೇಕು. ಯಾರಾದರೊಬ್ಬರು ದುಡ್ಡು ತೆತ್ತು ಮೇಲೆ ಹತ್ತಿದರೆ ಬಾಲ್ಕನಿಯಲ್ಲಿ ಅವರು ಆರಾಮಾಗಿ ಓಡಾಡಬಹುದು. ಕೆಳಗೆ ತೆರವಾದ ಸೀಟಿಗೆ ಪಕ್ಕದವರು ಜರುಗಬಹುದು. ಎರಡು ಕಡೆಯೂ ಚಲನೆ ಶುರುವಾಗುತ್ತದೆ, ಅಂದರೆ ವಿದ್ಯುತ್ ಹರಿಯುತ್ತದೆ. ವಜ್ರದಲ್ಲಿ ಆ ಟಿಕೆಟ್ಟಿನ ಬೆಲೆ, ಅಂದರೆ ಪಟ್ಟಿಗಳ ನಡುವಿನ ಅಂತರ, ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನಿನಲ್ಲಿ 1.12, ಜರ್ಮೇನಿಯಂನಲ್ಲಿ 0.67. ಕಣ್ಣಿಗೆ ಕಾಣುವ ಬೆಳಕಿನ ಕಣಗಳ ಶಕ್ತಿ ಹೆಚ್ಚೆಂದರೆ ಮೂರು ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ವಜ್ರದ ಎಲೆಕ್ಟ್ರಾನನ್ನು ಮೇಲೆತ್ತುವ ತಾಕತ್ತು ಅದಕ್ಕಿಲ್ಲ. ಹೀಗಾಗಿ ಬೆಳಕು ವಜ್ರದ ಮೂಲಕ ಹಾಯ್ದುಹೋಗುತ್ತದೆ. ಸಿಲಿಕಾನ್ ಅದೇ ಬೆಳಕನ್ನು ನುಂಗಿಕೊಂಡು ಬೂದು ಲೋಹದಂತೆ ಕಾಣುತ್ತದೆ.

ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಕಲ್ಕತ್ತೆಯಿಂದ ಬೆಂಗಳೂರಿಗೆ ಬಂದು ಇಲ್ಲಿ ಭೌತಶಾಸ್ತ್ರ ವಿಭಾಗ ತೆರೆದಾಗ ಈ ವಿಚಾರಗಳೆಲ್ಲ ಹೊಚ್ಚಹೊಸವು. ರಾಮನ್ನರಿಗೆ ಹರಳುಗಳೆಂದರೆ ಪ್ರಾಣ. ವಜ್ರ, ಸ್ಫಟಿಕಶಿಲೆ, ಅಮೆಥಿಸ್ಟ್, ಓಪಲ್ ಎಂದು ಕೂಡಿಸುತ್ತಲೇ ಹೋದರು. ಆ ಸಂಗ್ರಹ ಈಗಲೂ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ. ವಜ್ರದ ಮೇಲೆ ಅವರೂ ಅವರ ಶಿಷ್ಯರೂ ವರ್ಷಗಟ್ಟಲೆ ದುಡಿದರು. ಬೆಳಕಿನ ಚದುರುವಿಕೆ, ಹೊಳಪು, ಎಕ್ಸ್‌–ಕಿರಣ, ಕಾಂತಗುಣ, ಹೀಗೆ ಯಾವುದನ್ನೂ ಬಿಡಲಿಲ್ಲ. ಮುಂದೆ ಕೊಲಾಜೆನ್ ಪ್ರೋಟೀನಿನ ರಚನೆಯಿಂದ ಜಗತ್ಪ್ರಸಿದ್ಧರಾದ ಜಿ.ಎನ್. ರಾಮಚಂದ್ರನ್ ಸಂಶೋಧನೆಯ ಆರಂಭದ ದಿನಗಳಲ್ಲಿ ವಜ್ರದೊಳಗಿನ ಕುಂದುಗಳನ್ನು ಎಕ್ಸ್‌–ಕಿರಣದಿಂದ ಚಿತ್ರಿಸಿದ್ದು ಇಲ್ಲಿಯೇ.

ನಾಜಿಗಳ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡ ಮಾಕ್ಸ್ ಬಾರ್ನ್‌ರನ್ನು ರಾಮನ್ ಬೆಂಗಳೂರಿಗೆ ಕರೆಸಿಕೊಂಡರು. ಸ್ಫಟಿಕ ಜಾಲಕದ ಕಂಪನಗಳ ಸಿದ್ಧಾಂತ ಕಟ್ಟಿದ ಮಹನೀಯ ಆತ. 1935–36ರ ಚಳಿಗಾಲವನ್ನು ಬಾರ್ನ್ ಇಲ್ಲಿ ಕಳೆದರು. ಅವರಿಗೆ ಇಲ್ಲಿಯೇ ಕಾಯಂ ಹುದ್ದೆ ಕೊಡಿಸಬೇಕೆಂಬ ರಾಮನ್ನರ ಆಸೆ ಸಂಸ್ಥೆಯೊಳಗಿನ ವಿರೋಧದಿಂದ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೊಗೆ ಹೋದರು. 1937ರಲ್ಲಿ ರಾಮನ್ನರೂ ನಿರ್ದೇಶಕ ಸ್ಥಾನ ಬಿಟ್ಟುಕೊಟ್ಟು ಪ್ರಾಧ್ಯಾಪಕರಾಗಿ ಉಳಿದರು. ಬಾರ್ನ್ ಇಲ್ಲೇ ನೆಲೆಸಿದ್ದರೆ ಘನಸ್ಥಿತಿ ಭೌತಶಾಸ್ತ್ರದ ಸಿದ್ಧಾಂತಕ್ಕೆ ಬೆಂಗಳೂರಿನಲ್ಲಿ ಆಗಲೇ ಬೇರು ಸಿಗುತ್ತಿತ್ತು. ಈ ಊರು ಕಳೆದುಕೊಂಡ ದೊಡ್ಡ ಅವಕಾಶಗಳಲ್ಲಿ ಅದೊಂದು.

ಆದದ್ದೇ ಬೇರೆ. 1940ರ ದಶಕದಲ್ಲಿ ಇಬ್ಬರ ನಡುವೆ ಕಹಿಯಾದ ವಾದವೇ ಎದ್ದಿತು. ಸ್ಫಟಿಕದಲ್ಲಿ ಪರಮಾಣುಗಳು ಬೆರಳೆಣಿಕೆಯ ನಿಗದಿತ ಆವರ್ತನಗಳಲ್ಲಿ ಮಾತ್ರ ಕಂಪಿಸುತ್ತವೆ ಎಂದು ರಾಮನ್. ಇಲ್ಲ, ಆವರ್ತನಗಳು ಒಂದಕ್ಕೊಂದು ಅಂಟಿಕೊಂಡಂತೆ ಹರಡಿರುತ್ತವೆ ಎಂದು ಬಾರ್ನ್. ರಾಮನ್ನರ ಬಳಿಯಿದ್ದ ಆರ್.ಎಸ್. ಕೃಷ್ಣನ್ ಪಾದರಸ ದೀಪದ ನೇರಳಾತೀತ ಬೆಳಕಿನಲ್ಲಿ ತೆಗೆದ ವಜ್ರದ ರೋಹಿತದಲ್ಲಿ ಚೂಪಾದ ಗೆರೆಗಳು ಕಂಡವು. ರಾಮನ್ ಅದನ್ನೇ ತಮ್ಮ ಮಾತಿಗೆ ಸಾಕ್ಷಿಯೆಂದು ಹಿಡಿದರು. ಬಾರ್ನ್ ತಮ್ಮ ಲೆಕ್ಕದಲ್ಲಿ ಬಳಸಿದ ಒಂದು ಉಪಾಯ ಅವರಿಗೆ ಸುತರಾಂ ಒಪ್ಪಿಗೆಯಾಗಿರಲಿಲ್ಲ. ಸ್ಫಟಿಕಕ್ಕೆ ಮೇಲ್ಮೈಯೇ ಇಲ್ಲವೆಂಬಂತೆ ಅದರ ಒಂದು ಕೊನೆಯನ್ನು ಇನ್ನೊಂದು ಕೊನೆಗೆ ಹೊಂದಿಸಿ ಲೆಕ್ಕ ಹಾಕುವ ಕ್ರಮ ಅದು. ಬಾರ್ನ್ ಮತ್ತು ಫಾನ್ ಕಾರ್ಮನ್ 1912ರಲ್ಲೇ ಅದನ್ನು ರೂಪಿಸಿದ್ದರು. ಬ್ಲಾಕ್‌ನ ಪಟ್ಟಿ ಸಿದ್ಧಾಂತ ನಿಂತಿರುವುದೂ ಇದೇ ಉಪಾಯದ ಮೇಲೆ.

ಈ ವಾದದಲ್ಲಿ ರಾಮನ್ ಸೋತರು, ಅದನ್ನು ಮುಚ್ಚಿಡಬೇಕಾದ್ದಿಲ್ಲ. 1950ರ ದಶಕದಲ್ಲಿ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಹೇಳಿದಂತೆಯೇ ಆವರ್ತನಗಳು ಹರಡಿರುವುದನ್ನು ತೋರಿಸಿದವು. ಹರಡಿಕೊಂಡ ಆವರ್ತನಗಳಲ್ಲೂ ಕೆಲವು ಬಿಂದುಗಳಲ್ಲಿ ಸಾಂದ್ರತೆ ಚೂಪಾಗಿ ಏರುತ್ತದೆ ಎಂದು ಬೆಲ್ಜಿಯಂನ ವಿಜ್ಞಾನಿ ಲೆಯಾನ್ ಫಾನ್ ಹೋವ್ 1953ರಲ್ಲಿ ಸಾಧಿಸಿದ. ಕೃಷ್ಣನ್ ಕಂಡ ಗೆರೆಗಳ ಮೂಲ ಅಲ್ಲಿತ್ತು. ಅಂದರೆ ಬೆಂಗಳೂರಿನ ಅಳತೆ ಸರಿಯಾಗಿತ್ತು, ಅದಕ್ಕೆ ಕೊಟ್ಟ ಅರ್ಥ ತಪ್ಪಾಗಿತ್ತು. ಅಷ್ಟು ನಿಖರವಾಗಿ ಅಳೆಯಬಲ್ಲ ಪ್ರಯೋಗಾಲಯ ಆ ಕಾಲದಲ್ಲಿ ಜಗತ್ತಿನಲ್ಲೇ ವಿರಳ. ಅದೇ ಪ್ರಯೋಗಾಲಯದಲ್ಲಿ ಟಿ.ಎಂ.ಕೆ. ನೆಡುಂಗಾಡಿ ಸ್ಫಟಿಕಶಿಲೆಯನ್ನು ಕಾಯಿಸುತ್ತಾ ಅದರ ರೋಹಿತ ತೆಗೆದರು. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಹರಳಿನ ರಚನೆ ಬದಲಾಗುತ್ತದೆ. ಆ ಬಿಸಿ ಹತ್ತಿರವಾದಂತೆಲ್ಲ ಒಂದು ಕಂಪನದ ಗೆರೆ ಮಸುಕಾಗುತ್ತಾ ಕೆಳಗಿಳಿಯುವುದು ಕಂಡಿತು. ಇದನ್ನು ರಾಮನ್ ಮತ್ತು ನೆಡುಂಗಾಡಿ 1940ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಾಲಕವು ಒಂದು ಕಂಪನದಲ್ಲಿ ಸಡಿಲಗೊಂಡು ಹೊಸ ರೂಪ ತಾಳುತ್ತದೆ ಎಂಬ ಪೂರ್ಣ ಸಿದ್ಧಾಂತ ಬರಲು ಇನ್ನೂ ಎರಡು ದಶಕ ಬೇಕಾಯಿತು.

ಇಲ್ಲಿಂದ ಜಾಲಹಳ್ಳಿಗೆ ದಾರಿ ಹೇಗೆ? ರಾಮನ್ನರಿಗೆ ಕಾರ್ಖಾನೆಯ ಗೊಡವೆ ಇರಲಿಲ್ಲ. ಸರ್ಕಾರದ ಹಣವೆಂದರೂ ದೂರವೇ. ದಾರಿ ಹಾಕಿದವರು ಅವರ ಸುತ್ತ ಇದ್ದವರು. ಹೋಮಿ ಭಾಭಾ 1939ರಿಂದ 1945ರವರೆಗೆ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿದ್ದರು. ವಿಕ್ರಮ್ ಸಾರಾಭಾಯಿ ಯುದ್ಧದ ವರ್ಷಗಳಲ್ಲಿ ರಾಮನ್ನರ ಬಳಿ ಕಾಸ್ಮಿಕ್ ಕಿರಣಗಳ ಅಧ್ಯಯನ ಮಾಡಿದರು. ಸ್ಫಟಿಕಗಳ ಸಮಮಿತಿಯ ಗಣಿತದಲ್ಲಿ ಹೆಸರು ಮಾಡಿದ ಎಸ್. ಭಗವಂತಂ ಕಲ್ಕತ್ತೆಯ ಕಾಲದಿಂದಲೂ ರಾಮನ್ ಶಿಷ್ಯ. 1957ರಿಂದ 1962ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಅವರು ರಕ್ಷಣಾ ಮಂತ್ರಿಯ ವೈಜ್ಞಾನಿಕ ಸಲಹೆಗಾರರೂ ಆದರು. 1962ರ ಚೀನಾ ಯುದ್ಧದಲ್ಲಿ ಸೈನ್ಯದ ಸಂಪರ್ಕ ಸಾಧನಗಳ ದೌರ್ಬಲ್ಯ ಬಯಲಾದ ಮೇಲೆ ಸರ್ಕಾರ 1963ರಲ್ಲಿ ಭಾಭಾ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಮಿತಿ ರಚಿಸಿತು. ಸಾರಾಭಾಯಿ, ಭಗವಂತಂ ಇಬ್ಬರೂ ಅದರ ಸದಸ್ಯರು. ಬಿಡಿಭಾಗಗಳನ್ನು ದೇಶದಲ್ಲೇ ಮಾಡಿಕೊಳ್ಳಬೇಕು ಎಂದು 1966ರ ಅದರ ವರದಿ ಒತ್ತಿ ಹೇಳಿತು.

ಕೆಲಸ ಅಷ್ಟರಲ್ಲಿ ಜಾಲಹಳ್ಳಿಯಲ್ಲಿ ಶುರುವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದ ಪ್ರದೇಶವದು. 1953ರಲ್ಲಿ ಅಲ್ಲಿ ಎಚ್‌ಎಂಟಿ ಬಂತು, 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ನೆರವಿನಿಂದ ಭಾರತ್ ಎಲೆಕ್ಟ್ರಾನಿಕ್ಸ್. ಸುತ್ತಲ ಹಳ್ಳಿಗಳ ಬಾಯಲ್ಲಿ ಅದು ಬಿಇಎಲ್ ಫ್ಯಾಕ್ಟ್ರಿ. 1956ರಿಂದ ಸಂಪರ್ಕ ಸಾಧನಗಳು, 1961ರಲ್ಲಿ ವಾಲ್ವ್, 1962ರಲ್ಲಿ ಜರ್ಮೇನಿಯಂ, 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರ್‌ಗಳು. ಪ್ರಸಾರ ಮಾಡುವ ಯಂತ್ರವೂ ಅದನ್ನು ಕೇಳಿಸಿಕೊಳ್ಳುವ ಟ್ರಾನ್ಸಿಸ್ಟರೂ ಒಂದೇ ಕಾಂಪೌಂಡಿನೊಳಗೆ ತಯಾರಾಗತೊಡಗಿದವು.

ಆ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಪುಸ್ತಕದ ಜಾಲಕ ಅಲ್ಲಿ ಕೈಗೆ ಸಿಗುತ್ತದೆ. ಮೊದಲು ಜರ್ಮೇನಿಯಂ ದಿಂಡನ್ನು ಶುದ್ಧ ಮಾಡಬೇಕು. ದಿಂಡಿನ ಒಂದು ಕಿರಿದಾದ ಭಾಗವನ್ನು ಮಾತ್ರ ಕರಗಿಸಿ ಆ ಕರಗಿದ ಭಾಗವನ್ನು ಈ ತುದಿಯಿಂದ ಆ ತುದಿಗೆ ಮತ್ತೆ ಮತ್ತೆ ಸಾಗಿಸಿದರೆ ಕಲ್ಮಶಗಳು ದ್ರವದ ಜೊತೆಗೇ ಒಂದು ಕೊನೆಗೆ ಹೋಗಿ ಸೇರುತ್ತವೆ. ಆ ಕೊನೆಯನ್ನು ಕತ್ತರಿಸಿ ತೆಗೆಯುತ್ತಾರೆ. ಬಳಿಕ 938 ಡಿಗ್ರಿಯಲ್ಲಿ ಕರಗಿದ ಜರ್ಮೇನಿಯಂಗೆ ಸಣ್ಣದೊಂದು ಬೀಜದ ಹರಳನ್ನು ತಾಗಿಸಿ ತಿರುಗಿಸುತ್ತಾ ನಿಧಾನವಾಗಿ ಮೇಲಕ್ಕೆಳೆದರೆ ಬೀಜದ ಜಾಲಕವನ್ನೇ ಅನುಸರಿಸಿ ಇಡೀ ದಿಂಡು ಒಂದೇ ಹರಳಾಗಿ ಬೆಳೆಯುತ್ತದೆ. ಅದನ್ನು ತೆಳ್ಳಗೆ ಬಿಲ್ಲೆಗಳಾಗಿ ಕೊಯ್ದು ಮತ್ತೆ ಚೂರುಗಳಾಗಿ ಕತ್ತರಿಸುತ್ತಾರೆ.

ಒಂದೊಂದು ಚೂರಿನ ಎರಡೂ ಬದಿಗೆ ಇಂಡಿಯಂ ಲೋಹದ ಪುಟ್ಟ ಗುಂಡುಗಳನ್ನಿಟ್ಟು ಹೈಡ್ರೋಜನ್ ತುಂಬಿದ ಕುಲುಮೆಗೆ ಕಳಿಸಿದಾಗ ಇಂಡಿಯಂ ಕರಗಿ ತನ್ನ ಅಡಿಯ ಜರ್ಮೇನಿಯಂ ಅನ್ನು ಸ್ವಲ್ಪ ಕರಗಿಸಿಕೊಳ್ಳುತ್ತದೆ. ಆರುವಾಗ ಜರ್ಮೇನಿಯಂ ಮತ್ತೆ ಹರಳುಗಟ್ಟುತ್ತದೆ, ಸಾಲಿಗೆ ಸಾಲು ಹಳೆಯ ಜಾಲಕದ ಮೇಲೆಯೇ. ಆದರೆ ಈ ಸಲ ಅಲ್ಲಲ್ಲಿ ಇಂಡಿಯಂ ಪರಮಾಣುಗಳು ಸೇರಿಕೊಂಡಿರುತ್ತವೆ. ಜರ್ಮೇನಿಯಂಗೆ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನ್, ಇಂಡಿಯಂಗೆ ಮೂರೇ. ನಾಲ್ಕನೆಯ ಜಾಗ ಖಾಲಿ. ಮೊದಲು ಹೇಳಿದ ಗಾಂಧಿ ಕ್ಲಾಸಿನ ಖಾಲಿ ಸೀಟು ಇದೇ, ಯಾರೂ ಬಾಲ್ಕನಿ ಹತ್ತದೆಯೇ ದೊರೆತದ್ದು. ಎರಡು ಬದಿಯ ಇಂತಹ ಪದರಗಳ ನಡುವೆ ಕೂದಲೆಳೆಗಿಂತ ತೆಳುವಾದ ಮೂಲ ಜರ್ಮೇನಿಯಂ ಉಳಿಯಬೇಕು. ಕುಲುಮೆಯ ಬಿಸಿ ತುಸು ಹೆಚ್ಚಾದರೆ ಎರಡೂ ಕಡೆಯ ಇಂಡಿಯಂ ನಡುವೆ ಕೂಡಿಕೊಂಡು ಚೂರು ಹಾಳು. ಕಡಿಮೆಯಾದರೆ ಟ್ರಾನ್ಸಿಸ್ಟರ್ ಮಂಕು. ಆಮೇಲೆ ಆಮ್ಲದಲ್ಲಿ ತೊಳೆದು, ತಂತಿ ಬೆಸೆದು, ತೇವ ಸೋಕದಂತೆ ಡಬ್ಬಿಯಲ್ಲಿ ಮೊಹರು ಹಾಕಬೇಕು. ಇದನ್ನು ದಿನವೂ ಸಾವಿರಗಟ್ಟಲೆ ಚೂರುಗಳಿಗೆ ಮಾಡುವುದೆಂದರೆ ಅದು ಪಟ್ಟಿ ಸಿದ್ಧಾಂತದ ದೊಡ್ಡ ಪರೀಕ್ಷೆಯೇ ಸರಿ.

ಜರ್ಮೇನಿಯಂಗೆ ಒಂದು ಕೊರತೆಯಿತ್ತು. ಟಿಕೆಟ್ ಅಗ್ಗವಾದ್ದರಿಂದ ಬಿಸಿಲಿನ ಕಾವಿಗೇ ಎಲೆಕ್ಟ್ರಾನುಗಳು ಮೇಲೆ ಹತ್ತಿಬಿಡುತ್ತಿದ್ದವು. ಉಷ್ಣತೆ ಸುಮಾರು ಹತ್ತು ಡಿಗ್ರಿ ಏರಿದಾಗಲೆಲ್ಲ ಸೋರುವ ವಿದ್ಯುತ್ತು ಇಮ್ಮಡಿ. ಸೋರಿಕೆಯಿಂದ ಬಿಸಿ, ಬಿಸಿಯಿಂದ ಇನ್ನಷ್ಟು ಸೋರಿಕೆ. ಕೊನೆಗೆ ಟ್ರಾನ್ಸಿಸ್ಟರೇ ಸುಟ್ಟುಹೋಗುವುದೂ ಉಂಟು. ಬೆಂಗಳೂರಿನ ತಂಪಿನಲ್ಲಿ ಚೆನ್ನಾಗಿ ಹಾಡುತ್ತಿದ್ದ ರೇಡಿಯೊ ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಗೊಗ್ಗರು ದನಿ ತೆಗೆಯುವುದಕ್ಕೆ ಕಾರಣ ಜರ್ಮೇನಿಯಂನ ಈ 0.67 ಎಂಬ ಅಂಕಿಯೇ. ರಾಜಸ್ಥಾನದ ಮರಳುಗಾಡಿನಲ್ಲಿ ನಿಲ್ಲುವ ಸೈನ್ಯಕ್ಕಂತೂ ಇದು ಆಗದ ಮಾತು. ಸಾಮಾನ್ಯ ಉಷ್ಣತೆಯಲ್ಲಿ ಶುದ್ಧ ಸಿಲಿಕಾನಿನೊಳಗೆ ತಾವಾಗಿ ಮೇಲೆ ಹತ್ತಿರುವ ಎಲೆಕ್ಟ್ರಾನುಗಳು ಜರ್ಮೇನಿಯಂನಲ್ಲಿ ಇರುವುದರ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೆ ಸಿಲಿಕಾನ್ ಕರಗುವುದು 1414 ಡಿಗ್ರಿಯಲ್ಲಿ. ಕರಗಿದಾಗ ಅದು ತಾನಿರುವ ಪಾತ್ರೆಯನ್ನೇ ತಿನ್ನುತ್ತದೆ. ಶುದ್ಧ ಮಾಡುವುದು ಬಲು ಕಷ್ಟ. ಈ ಕಷ್ಟವನ್ನೂ ದಾಟಿ 1967ರಲ್ಲಿ ಬಿಇಎಲ್ ಸಿಲಿಕಾನ್ ಸಾಧನಗಳ ತಯಾರಿಕೆಗೆ ಇಳಿಯಿತು. 1970ರ ದಶಕದ ಆರಂಭದ ಹೊತ್ತಿಗೆ ಇಂಟಿಗ್ರೇಟೆಡ್ ಸರ್ಕ್ಯೂಟ್‌ಗಳಿಗೂ ಅಲ್ಲಿ ವ್ಯವಸ್ಥೆಯಾಯಿತು.

ಅದೇ ದಶಕದಲ್ಲಿ ಪಕ್ಕದ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. ಲೇತ್, ಮಿಲ್ಲಿಂಗ್, ಪ್ಲೇಟಿಂಗ್, ಶೀಟ್ ಮೆಟಲ್ ಕೆಲಸದ ನೂರಾರು ಶೆಡ್‌ಗಳು ಅಲ್ಲಿ ತಲೆಯೆತ್ತಿದವು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವುದೇ ಅನೇಕರ ಕಸುಬು. ನಗರದೊಳಗೆ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಬಿಇಎಲ್ ಟ್ರಾನ್ಸಿಸ್ಟರ್‌ಗಳು ಬಿಡಿಬಿಡಿಯಾಗಿ ಸಿಗುತ್ತಿದ್ದವು. ರೇಡಿಯೊ ಜೋಡಿಸಲು ಕಲಿತ ಪಾಲಿಟೆಕ್ನಿಕ್ ಹುಡುಗರಿಗೆ ಎಸಿ128, ಬಿಸಿ148, ಎಸ್‌ಎಲ್100 ಎಂಬ ಹೆಸರುಗಳು ಬಾಯಿಪಾಠ. ಮೊದಲನೆಯದು ಜರ್ಮೇನಿಯಂ, ಉಳಿದೆರಡು ಸಿಲಿಕಾನ್ ಎಂಬುದು ಬೆಸುಗೆ ಹಾಕುವಾಗ ಕೈಗೇ ಗೊತ್ತಾಗುತ್ತಿತ್ತು. ಕಾದ ಸೋಲ್ಡರಿಂಗ್ ಕಡ್ಡಿ ತುಸು ಹೆಚ್ಚು ಹೊತ್ತು ನಿಂತರೆ ಜರ್ಮೇನಿಯಂ ಕೆಡುವುದು ಬೇಗ.

ಶುದ್ಧ ಸಿಲಿಕಾನಿಗೆ ಪರದೇಶದ ದಾರಿ ನೋಡಬೇಕಾದ ಸ್ಥಿತಿಯನ್ನು ನೀಗಿಸಲು ಹೊರಟವರು ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿ ಎ.ಆರ್. ವಾಸುದೇವಮೂರ್ತಿ. ಅವರು ರೂಪಿಸಿದ ಶುದ್ಧೀಕರಣ ವಿಧಾನ ಕಾವೇರಿ ದಂಡೆಯ ಮೆಟ್ಟೂರಿನ ರಾಸಾಯನಿಕ ಕಾರ್ಖಾನೆಯಲ್ಲಿ ಉದ್ಯಮದ ರೂಪ ಪಡೆಯಿತು. ಅರೆವಾಹಕಕ್ಕೆ ಬೇಕಾದ ಸಿಲಿಕಾನಿನಲ್ಲಿ ಕಲ್ಮಶ ನೂರು ಕೋಟಿಗೆ ಒಂದೆರಡು ಪರಮಾಣುಗಳಿಗಿಂತ ಹೆಚ್ಚಿರಬಾರದು. ಇಂಥ ಕೆಲಸವನ್ನು ಇಲ್ಲಿನ ತಲೆ, ಇಲ್ಲಿನ ಕೈಗಳೇ ಮಾಡಿದ್ದಕ್ಕೆ ಸಿಗಬೇಕಾದ ಮಾನ್ಯತೆ ಇನ್ನೂ ಸಿಕ್ಕಿಲ್ಲ.

ಇನ್ನೊಂದು ದಿಕ್ಕಿನಲ್ಲಿ, ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಬಿತ್ತು. ದೇವರಾಜ ಅರಸು ಮುಖ್ಯಮಂತ್ರಿ. ಕಲ್ಪನೆ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರದು. ಆ ಕಾಲಕ್ಕೆ ಅದು ಊರಿನಿಂದ ಬಹಳ ದೂರ. ಈಗ ಸಾಫ್ಟ್‌ವೇರ್ ಕಂಪನಿಗಳಿಂದ ಹೆಸರಾಗಿರುವ ಆ ಪ್ರದೇಶವನ್ನು ಬಾಳಿಗರು ಕಂಡದ್ದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಊರಾಗಿ. ಅವರ ಕನಸಿಗೆ ನಿಜಕ್ಕೂ ಹತ್ತಿರವಿದ್ದ ಉದ್ಯಮಗಳಲ್ಲಿ ಟಾಟಾ ಬಿಪಿ ಸೋಲಾರ್ ಒಂದು. 1989ರಲ್ಲಿ ಹುಟ್ಟಿದ ಈ ಕಂಪನಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಿಲಿಕಾನ್ ಸೌರಕೋಶಗಳನ್ನು ತಯಾರಿಸಿತು. ಬಿಸಿಲಿನ ಬಹುಪಾಲು ಕಣಗಳ ಶಕ್ತಿ 1.12 ಎಲೆಕ್ಟ್ರಾನ್ ವೋಲ್ಟಿಗಿಂತ ಹೆಚ್ಚು. ಅವು ಸಿಲಿಕಾನಿಗೆ ಬಡಿದಾಗ ಎಲೆಕ್ಟ್ರಾನುಗಳು ಅಂತರ ದಾಟುತ್ತವೆ, ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. 1995ರಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆ ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದ ಸೌರದೀಪಗಳನ್ನು ಕರಾವಳಿ, ಮಲೆನಾಡಿನ ಮನೆಗಳಿಗೆ ಮುಟ್ಟಿಸಿತು. ಅದರ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕರೆಂಟು ಕಾಣದ ಮನೆಯ ಮಕ್ಕಳು ರಾತ್ರಿ ಓದುವಂತಾದದ್ದು ಅರೆವಾಹಕಗಳ ಚರಿತ್ರೆಯಲ್ಲಿ ಯಾವ ಪ್ರೊಸೆಸರಿಗೂ ಕಡಿಮೆಯಲ್ಲದ ಘಟನೆ.

1985ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೂ ಈ ಹರಳುಗಳಿಗೂ ಹಳೆಯ ನಂಟು. ಬಿಇಎಲ್ ಹುಟ್ಟಿದ 1954ರಲ್ಲೇ ಆ ಕಂಪನಿ ಮಾರುಕಟ್ಟೆಗೆ ಮೊದಲ ಸಿಲಿಕಾನ್ ಟ್ರಾನ್ಸಿಸ್ಟರ್ ತಂದಿತ್ತು. 1958ರಲ್ಲಿ ಅದರ ಇಂಜಿನಿಯರ್ ಜಾಕ್ ಕಿಲ್ಬಿ ಮಾಡಿ ತೋರಿಸಿದ ಮೊಟ್ಟಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್ ಇದ್ದದ್ದು ಜರ್ಮೇನಿಯಂ ಚೂರಿನ ಮೇಲೆ. ಬೆಂಗಳೂರಿನಲ್ಲಿ ಮಾತ್ರ ಅದು ಹರಳನ್ನು ಮುಟ್ಟಲಿಲ್ಲ. ಇಲ್ಲಿ ನಡೆದದ್ದು ವಿನ್ಯಾಸದ ಕೆಲಸ. ಚಿಪ್ಪಿನ ನಕ್ಷೆ ಇಲ್ಲಿ ಸಿದ್ಧವಾಗಿ ಉಪಗ್ರಹದ ಮೂಲಕ ಹೋಗುತ್ತಿತ್ತು, ಹರಳು ಬೇರೆಲ್ಲೋ ಬೇಯುತ್ತಿತ್ತು. ಮುಂದೆ ಬಂದ ಕಂಪನಿಗಳದ್ದೂ ಇದೇ ದಾರಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಚೇರಿ ಈಗಿರುವ ಬಡಾವಣೆಯ ಹೆಸರು ಸಿ.ವಿ. ರಾಮನ್ ನಗರ.

ಅತ್ತ ದೇಶದ ಸರ್ಕಾರಿ ಚಿಪ್ ಕಾರ್ಖಾನೆ ಪಂಜಾಬಿನ ಮೊಹಾಲಿಯಲ್ಲಿ ನೆಲೆಗೊಂಡು 1989ರಲ್ಲಿ ಬೆಂಕಿಗೆ ತುತ್ತಾಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಉತ್ಪನ್ನಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿತು. ಅದರಂತೆ ಅರೆವಾಹಕಗಳ ಆಮದು ಸುಂಕ ಹಂತಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಯಾಯಿತು. ಕೋಟಿಗಟ್ಟಲೆ ತಯಾರಿಸುವ ಪೂರ್ವ ಏಷ್ಯಾದ ಕಾರ್ಖಾನೆಗಳ ಅಗ್ಗದ ಮಾಲಿನ ಮುಂದೆ ಇಲ್ಲಿನ ಟ್ರಾನ್ಸಿಸ್ಟರ್ ಮಾರುಕಟ್ಟೆಯಲ್ಲಿ ನಿಲ್ಲುವುದು ಸಾಧ್ಯವಿರಲಿಲ್ಲ. ವಿನ್ಯಾಸ ಬೆಳೆಯಿತು, ತಯಾರಿಕೆ ಸೊರಗಿತು. ಹರಳು ಬೆಳೆಸಿ, ಕೊಯ್ದು, ಕುಲುಮೆಯ ಹದ ಕಂಡುಕೊಂಡಿದ್ದ ಮೂರು ದಶಕಗಳ ಕೈಪಳಗನ್ನು ಮುಂದಿನ ಪೀಳಿಗೆಗೆ ದಾಟಿಸುವ ಏರ್ಪಾಡು ಆಗಬೇಕಿತ್ತು, ಆಗಲಿಲ್ಲ. ಇಂದು ಚಿಪ್ ಕಾರ್ಖಾನೆಗೆ ಪಳಗಿದ ಜನ ಬೇಕೆಂದು ದೇಶ ಹುಡುಕಾಡುವಾಗ ಆ ನಷ್ಟದ ಅಳತೆ ಗೊತ್ತಾಗುತ್ತದೆ.

ಎಲ್ಲವೂ ಅಳಿದುಹೋಗಿಲ್ಲ. ರಾಮನ್ನರ ಸೋದರಳಿಯ ಎಸ್. ಚಂದ್ರಶೇಖರ್ ತಮ್ಮ ಸಹೋದ್ಯೋಗಿಗಳಾದ ಸದಾಶಿವ ಮತ್ತು ಸುರೇಶ್ ಅವರೊಂದಿಗೆ 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಆವರೆಗೆ ಗೊತ್ತಿದ್ದದ್ದು ಕಡ್ಡಿಯಾಕಾರದವು ಮಾತ್ರ. 1991ರಲ್ಲಿ ಅವರು ಕಟ್ಟಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರಕ್ಕೆ ನೆಲೆ ಕೊಟ್ಟದ್ದು ಜಾಲಹಳ್ಳಿಯ ಬಿಇಎಲ್. ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಇಂದು ಗ್ಯಾಲಿಯಂ ನೈಟ್ರೈಡ್ ಪದರಗಳನ್ನು ಬೆಳೆಸುತ್ತಾರೆ. ಅದರ ಪಟ್ಟಿ ಅಂತರ 3.4 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನಿನದಕ್ಕಿಂತ ಮೂರು ಪಟ್ಟು; ಹೆಚ್ಚು ವೋಲ್ಟೇಜು, ಹೆಚ್ಚು ಬಿಸಿ ತಡೆಯುವ ರೇಡಾರ್ ಮತ್ತು ಚಾರ್ಜರ್‌ಗಳಿಗೆ ಅದು ಬೇಕು. ವೈಟ್‌ಫೀಲ್ಡಿನಲ್ಲಿ ನೆಲೆಯೂರಿರುವ ಅಪ್ಲೈಡ್ ಮೆಟೀರಿಯಲ್ಸ್, ಸಿಲಿಕಾನ್ ಬಿಲ್ಲೆಗಳ ಮೇಲೆ ಪರಮಾಣುಗಳಷ್ಟು ತೆಳುವಾದ ಪದರ ಕೂರಿಸುವ ಯಂತ್ರಗಳ ಕಂಪನಿ. ಬೆಂಗಳೂರಿನಲ್ಲಿ 40 ಕೋಟಿ ಡಾಲರ್ ವೆಚ್ಚದ ಇಂಜಿನಿಯರಿಂಗ್ ಕೇಂದ್ರ ಕಟ್ಟುವುದಾಗಿ ಅದು 2023ರಲ್ಲಿ ಪ್ರಕಟಿಸಿತು. ಕುಲುಮೆಯ ಹದ ಬಲ್ಲವರಿಗೆ ಈ ಊರಿನಲ್ಲಿ ಮತ್ತೆ ಕೆಲಸ ಬರುತ್ತಿದೆ.

ಜಾಲಹಳ್ಳಿಯಲ್ಲಿ ಎಚ್‌ಎಂಟಿ ಗಡಿಯಾರಗಳಿಗೊಂದು ವಸ್ತುಸಂಗ್ರಹಾಲಯವಾಗಿದೆ. ಜನ ಸಂಸಾರ ಸಮೇತ ಹೋಗಿ ನೋಡಿಬರುತ್ತಾರೆ. ಟ್ರಾನ್ಸಿಸ್ಟರ್ ಮಾಡಿದವರ ಕಥೆಗೂ ಅಂಥ ಗೌರವ ಸಲ್ಲಬೇಕು. ಇಪ್ಪತ್ತರ ಹರೆಯದಲ್ಲಿ ಜರ್ಮೇನಿಯಂ ವಿಭಾಗಕ್ಕೆ ಸೇರಿದವರಿಗೆ ಈಗ ಎಂಬತ್ತು ದಾಟಿದೆ. ಕುಲುಮೆಯ ಹದ ಹೇಗೆ ತಿಳಿಯುತ್ತಿತ್ತು, ನೂರಕ್ಕೆ ಎಷ್ಟು ಚೂರು ಹಾಳಾಗುತ್ತಿತ್ತು, ಯಂತ್ರಕ್ಕೆ, ಕೆಲಸಕ್ಕೆ, ತಪ್ಪಿಗೆ ಅವರವರಲ್ಲಿ ಯಾವ ಹೆಸರುಗಳಿದ್ದವು ಎಂಬುದು ಯಾವ ವಾರ್ಷಿಕ ವರದಿಯಲ್ಲೂ ಸಿಗುವುದಿಲ್ಲ. ವಿದ್ಯಾರಣ್ಯಪುರ, ಮತ್ತಿಕೆರೆ, ಪೀಣ್ಯ, ದಾಸರಹಳ್ಳಿಗಳಲ್ಲಿ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಅಂಥ ಹಿರಿಯರಿದ್ದರೆ ಅವರ ಬಳಿ ಕೂತು ಕೇಳಿ, ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಅವರಾಡಿದ ಮಾತಿನಲ್ಲೇ ಬರೆದಿಡಿ. ಅಟ್ಟದ ಮೇಲಿನ ಡಬ್ಬದಲ್ಲಿ ಬಿಇಎಲ್ ಎಂದು ಬರೆದ ಮೂರು ಕಾಲಿನ ಟ್ರಾನ್ಸಿಸ್ಟರ್ ಸಿಕ್ಕರೆ ದಯವಿಟ್ಟು ಎಸೆಯಬೇಡಿ.